‘ನೋಡುವ, ಈಗ ಬೇಡ’ ಅಂದರೆ ಹೌದೋ ಅಲ್ಲವೋ?

ಪ್ರಶ್ನೆ: ಕುಂಬಳೆಯಿಂದ ದಿನಾ ಬೆಳಗ್ಗೆ ರೈಲಿನಲ್ಲಿ ಮಂಗಳೂರಿಗೆ ಹೋಗುವವನು ನಾನು. ಅದೇ ಬೋಗಿಯಲ್ಲಿ ಬರುವ ಒಬ್ಬಳಿಗೆ ಇಷ್ಟ ಅಂತ ಹೇಳಿದೆ. ‘ನೋಡುವ, ಈಗ ಬೇಡ’ ಅಂದಳು. ಕಾಯಲೋ, ಬಿಡಲೋ? ದಿನಾ ಮುಖ ನೋಡಬೇಕಲ್ಲ!

ಉತ್ತರ: ಮೊದಲು ಆ ‘ನೋಡುವ’ದ ಲೆಕ್ಕ ಮುಗಿಸುವ. ನಮ್ಮ ಕಡೆ ಮುಖಕ್ಕೆ ಹೊಡೆದ ಹಾಗೆ ‘ಬೇಡ’ ಅನ್ನುವವರು ಕಡಿಮೆ. ಪೂಜೆಗೆ ಕರೆದರೂ ‘ನೋಡುವ’, ಸಾಲ ಕೇಳಿದರೂ ‘ನೋಡುವ’. ಅದಕ್ಕೆ ‘ಈಗ ಬೇಡ’ ಸೇರಿದರೆ ಬೇಡವೆಂದೇ ತಿಳಿಯಿರಿ. ‘ಮನೆಯಲ್ಲಿ ಒಪ್ಪಲಿಕ್ಕಿಲ್ಲ’ ಅಂದಿದ್ದರೂ ಉತ್ತರ ಅದೇ; ಅವರ ಅಪ್ಪನನ್ನು ಒಪ್ಪಿಸುವ ದಾರಿ ಹುಡುಕಲು ಹೊರಡಬೇಡಿ. ನಾಳೆ ಮನಸ್ಸು ಬದಲಾದರೆ ಹೇಳಲು ಅವರಿಗೆ ಬಾಯಿದೆ.

ಆ ಹೊತ್ತಿಗೆ ನೀವೇನು ಹೇಳಿದಿರೋ ಬರೆದಿಲ್ಲ. ಏನೂ ಹೇಳದೆ ಇಳಿದು ಹೋಗಿದ್ದರೆ ಒಂದೇ ಮೆಸೇಜು ಸಾಕು: ‘ಸರಿ, ಗೊತ್ತಾಯಿತು. ಹೇಳಿದ್ದು ಒಳ್ಳೇದಾಯಿತು. ಇನ್ನು ಈ ವಿಷಯ ಎತ್ತುವುದಿಲ್ಲ.’ ‘ಯಾಕೆ’ ಕೇಳಬೇಡಿ. ಕೇಳಿದರೆ ಅವರು ಕಾರಣ ಹುಡುಕಬೇಕು, ಸಿಕ್ಕಿದ ಕಾರಣಕ್ಕೆ ನೀವು ಪರಿಹಾರ ಹೇಳಲು ಕೂರುತ್ತೀರಿ, ಅಲ್ಲಿಂದ ವಾದ ಶುರು. ರಾತ್ರಿ ಹನ್ನೊಂದಕ್ಕೆ ಬರೆಯುವ ಉದ್ದದ ಎರಡನೇ ಮೆಸೇಜಂತೂ ಯಕ್ಷಗಾನ ಮುಗಿದು ಭಾಗವತರು ಮಂಗಳ ಹಾಡಿದ ಮೇಲೆ ಚೆಂಡೆ ಬಾರಿಸಿದ ಹಾಗೆ.

ರೈಲು ಬಿಟ್ಟು ಬಸ್ಸು ಹಿಡಿಯಬೇಕಾಗಿಲ್ಲ. ಎರಡು ವಾರ ಪಕ್ಕದ ಬೋಗಿ ಹತ್ತಿ. ಪ್ಲಾಟ್‌ಫಾರ್ಮಿನಲ್ಲಿ ಎದುರಾದರೆ ಒಮ್ಮೆ ತಲೆಯಾಡಿಸಿ, ನಡೆಯುತ್ತಾ ಇರಿ. ಅವರಾಗಿ ಮಾತಾಡಿಸಿದರೆ ರೈಲು ತಡವಾದ ವಿಷಯ ಇದ್ದೇ ಇದೆ. ಬ್ಯಾಗಿಟ್ಟು ಅವರಿಗೆ ಸೀಟು ಹಿಡಿಯುವ ಅಭ್ಯಾಸವಿದ್ದರೆ ಇವತ್ತಿಗೇ ನಿಲ್ಲಿಸಿ. ಗೆಳೆಯನ ಕೈಲಿ ‘ಸ್ವಲ್ಪ ಕೇಳಿ ನೋಡು’ ಅನ್ನಿಸಿದಿರೋ, ಮಂಜೇಶ್ವರ ದಾಟುವುದರೊಳಗೆ ಇಡೀ ಬೋಗಿಗೆ ಗೊತ್ತು. ತುಳು, ಮಲಯಾಳ, ಕನ್ನಡ ಮೂರರಲ್ಲೂ.

ನಿಜವಾದ ಕಷ್ಟ ಫೋನಿನದ್ದು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಾನವಶಾಸ್ತ್ರಜ್ಞೆ ಹೆಲನ್ ಫಿಷರ್ ಮತ್ತು ಸಂಗಡಿಗರು, ಪ್ರೀತಿಸಿದವರು ಕೈಬಿಟ್ಟ 15 ಮಂದಿಗೆ ಆ ವ್ಯಕ್ತಿಯ ಫೋಟೋ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಚುರುಕಾದ ಭಾಗಗಳಲ್ಲಿ ಕೊಕೇನಿನ ಹಂಬಲಕ್ಕೆ ಸಂಬಂಧಪಟ್ಟವೂ ಇದ್ದವು. ಮರೆಯಲಿಕ್ಕೆಂದು ಡಿಪಿ ನೋಡಿದರೆ ಹಂಬಲ ಕೆರಳುವುದು ಇದಕ್ಕೇ ಇರಬೇಕು. ವಾಟ್ಸಾಪಿನಲ್ಲಿ ಅವರ ಸ್ಟೇಟಸ್ಸನ್ನು ಒತ್ತಿಹಿಡಿದು ಮ್ಯೂಟ್ ಮಾಡಿ, ಅವರಿಗೆ ಗೊತ್ತಾಗುವುದಿಲ್ಲ. ಬ್ಲಾಕ್ ಮಾಡಿದರೆ ಸಿಟ್ಟೆಂದು ಕಾಣುತ್ತದೆ. ನಿಮ್ಮ ಸ್ಟೇಟಸ್ಸಿಗೆ ವಿರಹಗೀತೆ ಹಾಕುವುದೂ ಪರೋಕ್ಷ ಮೆಸೇಜೇ, ಅದೂ ಬೇಡ.

ಒಂದು ಎಚ್ಚರಿಕೆ. ಹೆಣ್ಣು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಹಿಂಬಾಲಿಸುವುದು, ಮತ್ತೆ ಮತ್ತೆ ಸಂಪರ್ಕಿಸಲು ನೋಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು. ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಈಚೆಗೂ ಆಚೆಗೂ ಕಾನೂನು ಒಂದೇ.

ಊಟ ಸೇರದಿರುವುದು, ನಾಲ್ಕು ದಿನ ನಿದ್ದೆ ಕೆಡುವುದು ಸಹಜ. ಎರಡು ವಾರ ಕಳೆದರೂ ಹಾಗೇ ಇದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಆರಿಸಿಕೊಳ್ಳುವ ಭಾಷೆಗಳಲ್ಲಿ ಕನ್ನಡವೂ ಇದೆ.