ಜೆಟ್ ಕೆಡುವುದು ನೆಲದ ಮೇಲೆ

ಸೇಡಂ ರಸ್ತೆಯಲ್ಲಿ ಸಾಲುಗಟ್ಟುವ ಸಿಮೆಂಟ್ ಲಾರಿಗಳ ಡೀಸೆಲ್ ಟ್ಯಾಂಕಿನ ಪಕ್ಕ ನೀಲಿ ಮುಚ್ಚಳದ ಇನ್ನೊಂದು ಸಣ್ಣ ಟ್ಯಾಂಕ್ ಇರುತ್ತದೆ. ಅದರೊಳಗಿನದು ಡಿಇಎಫ್: ಶೇ 32.5ರಷ್ಟು ಯೂರಿಯಾ, ಉಳಿದದ್ದು ಶುದ್ಧ ನೀರು. ಬಿಎಸ್-6 ಲಾರಿಯ ಹೊಗೆ ತಿಳಿಯಾಗಲು ಅದು ಬೇಕೇ ಬೇಕು. ಅದೇ ರಸ್ತೆಯಲ್ಲಿ ಮುಂದೆ, ಶ್ರೀನಿವಾಸ ಸರಡಗಿ ಬಳಿಯ ಕಲಬುರಗಿ ವಿಮಾನ ನಿಲ್ದಾಣದಲ್ಲಿ ಇಳಿಯುವ ಬಿಸಿನೆಸ್ ಜೆಟ್ಟಿಗೆ ಮಾತ್ರ ಈ ದ್ರವ ವಿಷ.

ಜೆಟ್ ಇಂಧನದಲ್ಲಿ ಯಾವಾಗಲೂ ಒಂದಿಷ್ಟು ನೀರು ಕರಗಿರುತ್ತದೆ. ಮೇ ತಿಂಗಳ ಕಲಬುರಗಿಯ 42 ಡಿಗ್ರಿಯಲ್ಲಿ ತುಂಬಿಸಿದ ಇಂಧನ ಅರ್ಧ ತಾಸಿನೊಳಗೆ ಮೈನಸ್ 50 ಡಿಗ್ರಿ ದಾಟಿದ ಗಾಳಿಯ ನಡುವೆ ಇರುತ್ತದೆ. ತಣ್ಣಗಾದಂತೆ ನೀರು ಬೇರ್ಪಟ್ಟು, ಮಂಜಿನ ಹರಳಾಗಿ ಫಿಲ್ಟರ್ ಕಟ್ಟುತ್ತದೆ. ದೊಡ್ಡ ವಿಮಾನಗಳಲ್ಲಿ ಎಂಜಿನ್ ಆಯಿಲ್‌ನ ಶಾಖದಿಂದ ಇಂಧನ ಬಿಸಿಯಾಗುವ ವ್ಯವಸ್ಥೆ ಇದೆ. ಸೈಟೇಷನ್ ಎಂಬ ಬಿಸಿನೆಸ್ ಜೆಟ್‌ನ ಕೆಲವು ಮಾದರಿಗಳಿಗೆ ಅದರ ಬದಲು ಹಿಮನಿರೋಧಕ ದ್ರವ ಬೆರೆಸಬೇಕು. ಪ್ರಮಾಣ ಶೇ 0.10ರಿಂದ 0.15, ಅಂದರೆ ಸಾವಿರ ಲೀಟರ್‌ಗೆ ಒಂದರಿಂದ ಒಂದೂವರೆ ಲೀಟರ್. ಇಂಧನ ಹರಿಯುತ್ತಿರುವಾಗಲೇ ಅದರ ಜೊತೆ ಬೆರೆಯಬೇಕು. ಆಮೇಲೆ ಮೇಲಿನಿಂದ ಸುರಿದರೆ ತಳಕ್ಕಿಳಿದು ಟ್ಯಾಂಕಿನ ಒಳಲೇಪವನ್ನೇ ತಿನ್ನುತ್ತದೆ.

ಈ ಹಿಮನಿರೋಧಕಕ್ಕೂ ಬಣ್ಣವಿಲ್ಲ, ಡಿಇಎಫ್‌ಗೂ ಬಣ್ಣವಿಲ್ಲ. ವಿಮಾನಕ್ಕೆ ಇಂಧನ ತುಂಬುವ ಬೌಸರ್ ಲಾರಿ ಕೂಡ ಡೀಸೆಲ್ ಗಾಡಿಯೇ, ಹಾಗಾಗಿ ಡಿಇಎಫ್ ಡಬ್ಬಿ ಅದೇ ಶೆಡ್ಡಿನಲ್ಲಿರುವುದು ಸಹಜ. 2017ರಲ್ಲಿ ಅಮೆರಿಕದ ಓಮಾಹಾದಲ್ಲಿ, 2018ರಲ್ಲಿ ಮಯಾಮಿ ಬಳಿಯ ಓಪಾ-ಲೋಕಾದಲ್ಲಿ ಹಿಮನಿರೋಧಕವೆಂದು ಡಿಇಎಫ್ ಸುರಿದರು. 2019ರ ಮೇನಲ್ಲಿ ಫ್ಲೋರಿಡಾದ ಪುಂಟಾ ಗೋರ್ಡಾದಿಂದ ಹೊರಟ ಎರಡು ಸೈಟೇಷನ್‌ಗಳಿಗೂ ಅದೇ ಗತಿ. ಒಂದರ ಎರಡೂ ಎಂಜಿನ್ ಆಕಾಶದಲ್ಲೇ ನಿಂತವು, ಪೈಲಟ್‌ಗಳು ಹೇಗೋ ಸವಾನ್ನಾದಲ್ಲಿ ಇಳಿಸಿದರು. ಯೂರಿಯಾ ಜೆಟ್ ಇಂಧನದಲ್ಲಿ ಕರಗುವುದಿಲ್ಲ. ಬಿಳಿ ಹರಳಾಗಿ ಫಿಲ್ಟರ್, ನಾಜಲ್‌ಗಳಲ್ಲಿ ಕೂರುತ್ತದೆ. ಇದನ್ನು ತಡೆಯಲು ದುಬಾರಿ ಉಪಕರಣವೇನೂ ಬೇಡ. ಡಿಇಎಫ್‌ಗೆ ಬೇರೆ ಕೋಣೆ, ಬೇರೆ ಬೀಗ. ಲೇಬಲ್ ಇಲ್ಲದ ಡಬ್ಬಿ ಎಸೆಯುವುದು. ಸುರಿಯುವ ಮುನ್ನ ಇಬ್ಬರು ಲೇಬಲ್ ಓದುವುದು. ಒಬ್ಬನೇ ಹುಡುಗ ಎಲ್ಲ ಕೆಲಸ ನೋಡುವ ಸಣ್ಣ ನಿಲ್ದಾಣದಲ್ಲಿ ಆ ಎರಡನೆಯವರು ಪೈಲಟ್ಟೇ ಆಗಿರಬೇಕು.

ಹೆಚ್ಚು ನಿಲ್ಲುವ ಜೆಟ್ಟಿಗೆ ಇನ್ನೊಂದು ಕಾಟ ಶಿಲೀಂಧ್ರ. ಟ್ಯಾಂಕಿನ ತಳದ ನೀರಿನಲ್ಲಿ ಬದುಕಿ ಮೇಲಿನ ಇಂಧನವನ್ನು ತಿನ್ನುತ್ತದೆ. ಬೆಳಿಗ್ಗೆ ಮೊದಲ ಹಾರಾಟಕ್ಕೆ ಮುನ್ನ ತಳದ ವಾಲ್ವ್‌ನಿಂದ ಗಾಜಿನ ಜಾರ್‌ಗೆ ಸ್ವಲ್ಪ ಬಿಟ್ಟು ನೋಡಿದರೆ ಸಾಕು: ಗೆರೆ ಎಳೆದಂತೆ ಕೆಳಗೆ ನಿಂತದ್ದು ನೀರು, ಕಪ್ಪು ಲೋಳೆಯ ಎಳೆ ಕಂಡರೆ ಶಿಲೀಂಧ್ರ. ಆಗ ಔಷಧಿ ಹಾಕಬೇಕು, ಲೆಕ್ಕ ತಪ್ಪುವುದು ಅಲ್ಲೇ. ಕೇಥಾನ್ ಎಂಬ ಔಷಧಿಯ ಪ್ರಮಾಣ ಹತ್ತು ಲಕ್ಷಕ್ಕೆ ನೂರು ಪಾಲು ಆಗಿತ್ತು. ಐದು ಸಾವಿರ ಲೀಟರ್ ಇಂಧನಕ್ಕೆ ಅರ್ಧ ಲೀಟರ್. ಸೈಪ್ರಸ್‌ನಲ್ಲಿ ಒಂದು ಎ321 ವಿಮಾನಕ್ಕೆ ಅದರ 38 ಪಟ್ಟು ಬಿತ್ತು. ನಮ್ಮ ಲೆಕ್ಕದಲ್ಲಿ ಅದು 19 ಲೀಟರ್! 2020ರ ಫೆಬ್ರುವರಿ 26ರಂದು ಲಂಡನ್ ಗ್ಯಾಟ್ವಿಕ್‌ನಿಂದ ಏರಿದ ಕೂಡಲೇ ಅದರ ಎರಡೂ ಎಂಜಿನ್ ತೊಂದರೆ ಕೊಟ್ಟವು. ಮುಂದಿನ ತಿಂಗಳೇ ತಯಾರಕರು ಕೇಥಾನ್ ಅನ್ನು ವಿಮಾನ ಬಳಕೆಯಿಂದ ಹಿಂತೆಗೆದರು. ಬಯೋಬರ್ ಜೆಎಫ್ ಎಂಬ ಇನ್ನೊಂದರ ಪ್ರಮಾಣ ತೂಕದಲ್ಲಿ ಹತ್ತು ಲಕ್ಷಕ್ಕೆ 270. ನಾಲ್ಕು ಟನ್ ಇಂಧನಕ್ಕೆ 1.08 ಕೆ.ಜಿ. ಒಂದಕ್ಕೆ ಲೀಟರ್ ಲೆಕ್ಕವಿತ್ತು, ಇನ್ನೊಂದಕ್ಕೆ ತೂಕದ ಲೆಕ್ಕ. ಕಾಗದದ ಮೇಲೆ ಬರೆದು ಇನ್ನೊಬ್ಬರಿಂದ ತಾಳೆ ನೋಡಿಸದೆ ಡಬ್ಬಿ ತೆರೆಯಬಾರದು.

ಟೈರಿನ ವಿಷಯದಲ್ಲಿ ನಮ್ಮ ಬಿಸಿಲೇ ಸುಳ್ಳು ಹೇಳಿಸುತ್ತದೆ. ತಾಪ ಮೂರು ಡಿಗ್ರಿ ಏರಿದರೆ ಒತ್ತಡ ಸುಮಾರು ಶೇ 1 ಏರುತ್ತದೆ. ಬೆಳಿಗ್ಗೆ 27 ಇದ್ದದ್ದು ಮಧ್ಯಾಹ್ನ 42 ಆದರೆ ಶೇ 5ರಷ್ಟು ಹೆಚ್ಚು, ಕಡಿಮೆ ಗಾಳಿಯ ಟೈರೂ ಗೇಜ್‌ನಲ್ಲಿ ಸರಿಯಾಗಿ ಕಾಣುತ್ತದೆ. ನೋಡಬೇಕಾದದ್ದು ನಸುಕಿನಲ್ಲಿ, ವಿಮಾನ ಆಗಷ್ಟೇ ಇಳಿದಿದ್ದರೆ ಎರಡು ಮೂರು ತಾಸು ಬಿಟ್ಟು. ತುಂಬಬೇಕಾದದ್ದು ಒಣ ನೈಟ್ರೋಜನ್, ಪಂಕ್ಚರ್ ಅಂಗಡಿಯ ಗಾಳಿಯಲ್ಲ. ಕಣ್ಣಂದಾಜು ನಡೆಯುವುದಿಲ್ಲ ಎಂಬುದಕ್ಕೆ 2008ರ ಸೆಪ್ಟೆಂಬರ್ 19ರ ಅಪಘಾತವೇ ಸಾಕ್ಷಿ. ಅಮೆರಿಕದ ಕೊಲಂಬಿಯಾದಲ್ಲಿ ಲಿಯರ್‌ಜೆಟ್ 60 ಎಂಬ ಬಿಸಿನೆಸ್ ಜೆಟ್‌ನ ಟೈರುಗಳು ರನ್‌ವೇಯಲ್ಲಿ ಓಡುವಾಗಲೇ ಸಿಡಿದು, ನಾಲ್ವರು ಸತ್ತರು. ದಿನಕ್ಕೆ ಶೇ 2ರಂತೆ ಒತ್ತಡ ಇಳಿಯುವ ಟೈರನ್ನು ಮೂರು ವಾರ ಯಾರೂ ಅಳೆದಿರಲಿಲ್ಲ, ಮೂರನೇ ಒಂದಕ್ಕಿಂತ ಹೆಚ್ಚು ಒತ್ತಡ ಹೋಗಿತ್ತು. ಸಿಡಿದ ತುಂಡುಗಳು ಸೆನ್ಸರ್ ಕೆಡಿಸಿದ್ದರಿಂದ, ಎಂಜಿನ್‌ನ ನೂಕುಬಲವನ್ನು ಹಿಂದುಮುಂದು ಮಾಡಿ ವಿಮಾನ ನಿಲ್ಲಿಸಲು ತೆರೆದ ಥ್ರಸ್ಟ್ ರಿವರ್ಸರ್ ತಾನೇ ಮುಚ್ಚಿಕೊಂಡು ಎಂಜಿನ್ ವಿಮಾನವನ್ನು ಮುಂದಕ್ಕೇ ನೂಕಿತು.

ಕಾಗದಪತ್ರದ ಕಡೆ ಮುಖ್ಯವಾದದ್ದು ಎರಡು. ತಯಾರಕರ ಸರ್ವಿಸ್ ಬುಲೆಟಿನ್ ಸಲಹೆ. ದೋಷ ಸರಿಪಡಿಸಲು ನಿಯಂತ್ರಕರು ಹೊರಡಿಸುವ ಏರ್‌ವರ್ದಿನೆಸ್ ಡೈರೆಕ್ಟಿವ್ ಆಜ್ಞೆ, ಗಡುವು ದಾಟಿದರೆ ಹಾರುವಂತಿಲ್ಲ. ಆ ಆಜ್ಞೆ ಹುಟ್ಟುವುದು ವಿಮಾನ ವಿನ್ಯಾಸಗೊಂಡ ದೇಶದಲ್ಲಿ: ಗಲ್ಫ್‌ಸ್ಟ್ರೀಮ್‌ನ ಹೆಚ್ಚಿನ ಮಾದರಿಗಳಿಗೆ ಮತ್ತು ಸೈಟೇಷನ್‌ಗೆ ಅಮೆರಿಕ, ಚಾಲೆಂಜರ್‌ಗೆ ಕೆನಡಾ, ಫಾಲ್ಕನ್‌ಗೆ ಯುರೋಪ್, ಫಿನೋಮ್‌ಗೆ ಬ್ರೆಜಿಲ್. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಅದನ್ನು ಇಲ್ಲೂ ಪಾಲಿಸಲು ಹೇಳುತ್ತದೆ. 1934ರ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಬಂದಿದ್ದರೂ ಈ ಏರ್ಪಾಡು ಬದಲಾಗಿಲ್ಲ.

ಕಲಬುರಗಿಯಲ್ಲಿ ಕೈಗೆ ಸಿಗದ ಬಿಡಿಭಾಗ ಹೈದರಾಬಾದ್‌ನಿಂದಲೋ ಬೆಂಗಳೂರಿನಿಂದಲೋ ಬರಬೇಕು. ಬೀದರ್‌ನಲ್ಲಾದರೆ ರನ್‌ವೇಯೇ ವಾಯುಪಡೆಯದು, ಅನುಮತಿಯ ಮಾತೂ ಸೇರುತ್ತದೆ. ಯಾವ ದೋಷವಿಟ್ಟುಕೊಂಡು ಎಷ್ಟು ದಿನ ಹಾರಬಹುದು ಎಂಬುದನ್ನು ಎಂಇಎಲ್ ಪಟ್ಟಿ ಹೇಳುತ್ತದೆ: ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10, ಡಿ ವರ್ಗಕ್ಕೆ 120, ಎ ವರ್ಗಕ್ಕೆ ಪಟ್ಟಿಯಲ್ಲೇ ಬರೆದ ಗಡುವು. ದೋಷ ಬರೆದ ದಿನ ಲೆಕ್ಕಕ್ಕಿಲ್ಲ, ಆದರೆ ಭಾನುವಾರವೂ ಹಬ್ಬವೂ ಲೆಕ್ಕಕ್ಕುಂಟು. ಶುಕ್ರವಾರ ಸಂಜೆ ಲಾಗ್ ಬುಕ್ಕಿನಲ್ಲಿ ಬರೆದ ಬಿ ವರ್ಗದ ದೋಷ ಸೋಮವಾರ ಮಧ್ಯರಾತ್ರಿಯೊಳಗೆ ರಿಪೇರಿಯಾಗಬೇಕು. ಆರ್ಡರ್ ಹೋಗಬೇಕಾದದ್ದು ಅದೇ ಶುಕ್ರವಾರ ರಾತ್ರಿ.