1700 ಡಿಗ್ರಿಗೆ ಜಗ್ಗದ್ದು 500ಕ್ಕೆ ಪುಡಿ: ಮಾಲಿಬ್ಡಿನಮ್ ಡೈಸಿಲಿಸೈಡ್

ಮಿಶ್ರಲೋಹ ಬೇರೆ, ಅಂತರಲೋಹ ಸಂಯುಕ್ತ ಬೇರೆ. ತಾಮ್ರ-ಸತುವಿನ ಪಾಲು ಸ್ವಲ್ಪ ಹೆಚ್ಚುಕಡಿಮೆಯಾದರೂ ಹಿತ್ತಾಳೆ ಹಿತ್ತಾಳೆಯೇ. ಅಂತರಲೋಹ ಸಂಯುಕ್ತವಾದ ಮಾಲಿಬ್ಡಿನಮ್ ಡೈಸಿಲಿಸೈಡ್‌ನಲ್ಲಿ ಆ ಸಲಿಗೆಯಿಲ್ಲ: ಒಂದು ಮಾಲಿಬ್ಡಿನಮ್ ಪರಮಾಣುವಿಗೆ ಎರಡು ಸಿಲಿಕಾನ್, ಸ್ಫಟಿಕದಲ್ಲಿ ಪ್ರತಿಯೊಂದಕ್ಕೂ ಗೊತ್ತಾದ ಜಾಗ. ಸಿಲಿಕಾನ್ ಲೋಹವಲ್ಲವಲ್ಲ ಎಂದು ಕೇಳಬಹುದು. ನಿಜ, ಆದರೆ ಈ ಸಂಯುಕ್ತ ಲೋಹದಂತೆಯೇ ವಿದ್ಯುತ್ ಹರಿಸುವುದರಿಂದ ಇದನ್ನೂ ಆ ಗುಂಪಿಗೇ ಸೇರಿಸುವುದು ರೂಢಿ.

ಕರಗುವ ಬಿಂದು ಸುಮಾರು 2030° ಸೆ. ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 6.3 ಗ್ರಾಂ, ಅಂದರೆ ಉಕ್ಕಿಗಿಂತ ಹಗುರ.

ಈಗ ಮುಖ್ಯ ಪ್ರಶ್ನೆ. ಬರೀ ಮಾಲಿಬ್ಡಿನಮ್ 2623 ಡಿಗ್ರಿವರೆಗೂ ಕರಗುವುದಿಲ್ಲ. ಹಾಗಿದ್ದರೆ ತೀರಾ ಬಿಸಿಯ ಕೆಲಸಗಳಿಗೆ ಅದನ್ನೇ ಬಳಸಬಾರದೇಕೆ? ಬಿಸಿ ಗಾಳಿಯಲ್ಲಿ ಅದರ ಆಕ್ಸೈಡ್ ಆವಿಯಾಗಿ ಹಾರಿಹೋಗುತ್ತದೆ, ಲೋಹ ಸವೆಯುತ್ತಲೇ ಇರುತ್ತದೆ. ಡೈಸಿಲಿಸೈಡ್‌ನಲ್ಲಿ ಸಿಲಿಕಾನ್ ಆಮ್ಲಜನಕದೊಡನೆ ಸೇರಿ ಮೇಲ್ಮೈ ಮೇಲೆ ಗಾಜಿನಂಥ ಸಿಲಿಕಾ ಪದರ ಹರಡುತ್ತದೆ. ಒಳಗಿನದಕ್ಕೆ ಅದೇ ಕವಚ. ಸಣ್ಣ ಬಿರುಕು ಬಿಟ್ಟರೂ ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ.

ನನಗೆ ವಿಚಿತ್ರವೆನಿಸಿದ್ದು ಮುಂದಿನದು. 400ರಿಂದ 600 ಡಿಗ್ರಿಯ ನಡುವೆ ಇದೇ ವಸ್ತು ಪುಡಿಪುಡಿಯಾಗಬಹುದು. ಇದಕ್ಕೆ ಪೆಸ್ಟಿಂಗ್ ಎನ್ನುತ್ತಾರೆ. ಅಷ್ಟು ಕಡಿಮೆ ಬಿಸಿಗೆ ಮಾಲಿಬ್ಡಿನಮ್ ಆಕ್ಸೈಡ್ ಆವಿಯಾಗದು, ಸಿಲಿಕಾ ಪದರವೂ ಕೂಡಿಕೊಳ್ಳದು. ರಂಧ್ರ, ಬಿರುಕುಗಳೊಳಗೆ ಬೆಳೆದ ಆಕ್ಸೈಡ್ ಹೆಚ್ಚು ಜಾಗ ಬೇಡುತ್ತದೆ, ಒಳಗಿನಿಂದಲೇ ವಸ್ತುವನ್ನು ಸೀಳುತ್ತದೆ. ರಂಧ್ರ ಕಡಿಮೆಯಿದ್ದಷ್ಟೂ ಈ ಕಾಟ ಕಡಿಮೆ. ಹೀಗಾಗಿ ಇದರಿಂದ ಮಾಡಿದ, ಕುಲುಮೆ ಕಾಯಿಸುವ ಹೀಟಿಂಗ್ ಎಲಿಮೆಂಟ್‌ಗಳನ್ನು ಈ ವಲಯದಲ್ಲಿ ಹೆಚ್ಚು ಹೊತ್ತು ಇಡದೆ ಬೇಗ ದಾಟಿಸುವುದು ಜಾಣತನ.

ದೊಡ್ಡ ಬಳಕೆ ವಿದ್ಯುತ್ ಕುಲುಮೆಗಳ ಹೀಟಿಂಗ್ ಎಲಿಮೆಂಟ್. ಗಾಳಿಯಲ್ಲಿ ಎಲಿಮೆಂಟ್‌ನ ಮೈ 1800 ಡಿಗ್ರಿವರೆಗೂ ಕಾಯಬಲ್ಲದು. ಬಿಸಿಯೇರಿದಂತೆ ರೋಧ ಹತ್ತು ಪಟ್ಟಿಗೂ ಮೀರಿ ಏರುವುದರಿಂದ ತಣ್ಣಗಿದ್ದಾಗ ಪೂರ್ಣ ವೋಲ್ಟೇಜ್ ಕೊಟ್ಟರೆ ಕರೆಂಟ್ ವಿಪರೀತ ಹರಿಯುತ್ತದೆ. ವೋಲ್ಟೇಜನ್ನು ಹಂತಹಂತವಾಗಿ ಏರಿಸಬೇಕು. ಯು ಆಕಾರದಲ್ಲಿ ನೇತುಹಾಕುವುದಕ್ಕೂ ಕಾರಣವಿದೆ: ಕಾದಾಗ ಮೆತ್ತಗಾಗುತ್ತದೆ, ಅಡ್ಡಲಾಗಿಟ್ಟರೆ ಬಾಗುತ್ತದೆ.

ಜೆಟ್ ಎಂಜಿನ್ನಿನ ಬಿಸಿ ಭಾಗಗಳಿಗೂ ಇದರ ಮೇಲೆ ಕಣ್ಣಿದೆ. ತೊಡಕು ಎರಡೂ ಕಡೆ: ಸುಮಾರು 1000 ಡಿಗ್ರಿಗಿಂತ ಕೆಳಗೆ ಪಿಂಗಾಣಿಯಂತೆ ಪಟ್ಟನೆ ಒಡೆಯುತ್ತದೆ, 1200 ದಾಟಿದರೆ ಭಾರಕ್ಕೆ ನಿಧಾನವಾಗಿ ಹಿಗ್ಗುತ್ತದೆ. ಸಿಲಿಕಾನ್ ಕಾರ್ಬೈಡ್ ಅಥವಾ ನೈಟ್ರೈಡ್ ಬೆರೆಸಿ ಬಲಪಡಿಸುವ ಪ್ರಯತ್ನಗಳು ಇದಕ್ಕೇ. ಸದ್ಯಕ್ಕೆ ಇತರ ಉಷ್ಣಸಹ ಲೋಹಗಳ ಮೇಲಿನ ಲೇಪನವಾಗಿ ಇದು ಹೆಚ್ಚು ಸಲೀಸು; ಅಲ್ಲಿ ಭಾರ ಹೊರುವುದು ಒಳಗಿನ ಲೋಹ, ಗಾಳಿಯನ್ನು ತಡೆಯುವುದಷ್ಟೇ ಇದರ ಕೆಲಸ.