ಗೇಟ್‌ಪಾಸಿನಲ್ಲಿ ‘ಕಾರಣ’ ಎಂಬ ಕಾಲಂ

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತವರಲ್ಲಿ ಬಹುಪಾಲು ಹೆಣ್ಣುಮಕ್ಕಳೇ. ಅವರ ಸಂಬಳದಲ್ಲಿ ತಿಂಗಳು ತಿಂಗಳು ಶೇ. 0.75 ಇ.ಎಸ್.ಐ.ಗೆ (ನೌಕರರ ರಾಜ್ಯ ವಿಮೆಗೆ) ಮುರಿಯುತ್ತದೆ, ಮಾಲೀಕರು ಶೇ. 3.25 ಸೇರಿಸುತ್ತಾರೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಗರ್ಭನಿರೋಧಕಗಳಾದ ಕಾಪರ್-ಟಿ, ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ ಪುಕ್ಕಟೆ ಸಿಗುತ್ತವೆ. ಔಷಧಿಯೂ ಇದೆ, ದುಡ್ಡೂ ಕಟ್ಟಾಗಿದೆ, ಹೊತ್ತು ಮಾತ್ರ ಇಲ್ಲ. ಡಾಕ್ಟರು ಕೂರುವ ಹೊತ್ತೂ ಶಿಫ್ಟಿನ ಹೊತ್ತೂ ಒಂದೇ. ಅರ್ಧ ದಿನ ರಜೆ ಹಾಕಿದರೆ ಅಷ್ಟರ ಕೂಲಿ ಹೋಗುತ್ತದೆ, ಹಲವು ಕಡೆ ಹಾಜರಾತಿ ಬೋನಸ್ಸೂ ಹೋಗುತ್ತದೆ.

ಇದಕ್ಕೆ ಕಾರ್ಖಾನೆಗಳು ಸಾಮಾನ್ಯವಾಗಿ ಹುಡುಕಿಕೊಳ್ಳುವ ಪರಿಹಾರ ವರ್ಷಕ್ಕೊಂದು ಕ್ಯಾಂಪ್, ಬ್ಯಾನರ್, ಫೋಟೊ. ರಕ್ತಹೀನತೆಯ ಕ್ಯಾಂಪನ್ನೇ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರ ಪೈಕಿ ಶೇ. 47.8 ಮಂದಿಗೆ ಈ ತೊಂದರೆ ಇದೆ. ಬೆರಳು ಚುಚ್ಚಿ ನೋಡಿ, ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದವರಿಗೆ ಕಬ್ಬಿಣಾಂಶದ ಮಾತ್ರೆ ಕೊಡುವುದು ಸರಿಯೇ. ಎಡವಟ್ಟಾಗುವುದು ಆಮೇಲೆ. ಟೀ ಬ್ರೇಕಿನಲ್ಲಿ ಟೀ ಜೊತೆಗೇ ಮಾತ್ರೆ ನುಂಗುತ್ತಾರೆ. ಟೀಯ ಒಗರು ಕಬ್ಬಿಣವನ್ನು ಹಿಡಿದುಕೊಂಡು ಕರುಳು ಹೀರದ ಹಾಗೆ ಮಾಡುತ್ತದೆ. ಕೆಲವರು ಮಲ ಕಪ್ಪಗಾಯಿತೆಂದು ಹೆದರಿ ಬಿಟ್ಟುಬಿಡುತ್ತಾರೆ. ಅದು ಹೀರದೆ ಉಳಿದ ಕಬ್ಬಿಣದ ಬಣ್ಣ, ಹೆದರುವಂಥದ್ದಲ್ಲ ಎಂದು ಮೊದಲೇ ಹೇಳಿರಬೇಕು. ಊಟವಾಗಿ ಒಂದು ಗಂಟೆ ಬಿಟ್ಟು ನಿಂಬೆ ಪಾನಕದ ಜೊತೆ ಮಾತ್ರೆ ತೆಗೆದುಕೊಳ್ಳಲಿ, ಟೀಗೂ ಅದಕ್ಕೂ ಒಂದೆರಡು ಗಂಟೆ ಅಂತರವಿರಲಿ. ತಿಂಗಳ ನಂತರ ಮತ್ತೆ ಬೆರಳು ಚುಚ್ಚಬೇಕು. 1 ಗ್ರಾಂ ಕೂಡ ಏರಿರದಿದ್ದರೆ ಮುಟ್ಟಿನಲ್ಲಿ ಅತಿಯಾಗಿ ಹೋಗುತ್ತಿದೆಯೋ, ಜಂತುಹುಳು ಇದೆಯೋ ಎಂದು ವೈದ್ಯರು ನೋಡಬೇಕಾಗುತ್ತದೆ. ಎರಡನೇ ಸಲ ಬೆರಳು ಚುಚ್ಚದ ಕ್ಯಾಂಪಿನಿಂದ ಬ್ಯಾನರ್ ಅಂಗಡಿಯವನಿಗಷ್ಟೇ ಲಾಭ.

ಇನ್ನು ಲೈನ್, ಅಂದರೆ ಒಬ್ಬೊಬ್ಬರು ಒಂದೊಂದು ಭಾಗ ಹೊಲಿದು ಮುಂದಿನವರಿಗೆ ದಾಟಿಸುವ ಸಾಲು. ಕಾಲರ್ ಕೂರಿಸುವಾಕೆ ಶೌಚಕ್ಕೆಂದು ಐದು ನಿಮಿಷ ಎದ್ದರೆ ಅವಳ ಮೆಷಿನ್ ಬಳಿ ಬಂಡಲ್ ಗುಡ್ಡೆ ಬೀಳುತ್ತದೆ, ಮುಂದಿನವಳು ಕೈಕಟ್ಟಿ ಕೂರುತ್ತಾಳೆ, ಗಂಟೆಯ ಟಾರ್ಗೆಟ್ ತಪ್ಪುತ್ತದೆ. ಬೈಸಿಕೊಳ್ಳುವುದು ಬೇಡವೆಂದು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ನೀರು ಕಡಿಮೆಯಾಗಿ, ಮೂತ್ರ ಗಂಟೆಗಟ್ಟಲೆ ಒಳಗೇ ನಿಂತರೆ ಬ್ಯಾಕ್ಟೀರಿಯಾ ಬೆಳೆದು ಉರಿಮೂತ್ರ ಶುರುವಾಗುತ್ತದೆ. ಬಸುರಿಯಲ್ಲಿ ಈ ಸೋಂಕು ಮೂತ್ರಪಿಂಡಕ್ಕೆ ಏರುವ ಅಪಾಯ ಹೆಚ್ಚು. ‘ನೀರು ಜಾಸ್ತಿ ಕುಡಿಯಮ್ಮ’ ಎಂದು ನರ್ಸ್ ಹೇಳಿ ಏನು ಬಂತು? ಮೂರು ನಾಲ್ಕು ಬಗೆಯ ಹೊಲಿಗೆ ಕೆಲಸ ಬಲ್ಲ ಒಬ್ಬ ಬದಲಿ ಟೈಲರ್ ಪ್ರತಿ ಲೈನಿಗೂ ಇದ್ದರೆ ಎದ್ದವಳ ಮೆಷಿನ್ ನಿಲ್ಲುವುದಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಒಪ್ಪಬೇಕಾದ ಈ ವ್ಯವಸ್ಥೆ ಮೆಡಿಕಲ್ ರೂಮಿನ ಎಷ್ಟೋ ಮಾತ್ರೆಗಳಿಗಿಂತ ಮೇಲು.

ಅಂತರಾ ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ. ನಿಗದಿತ ದಿನಕ್ಕೆ ಎರಡು ವಾರ ಮುಂಚೆ ಅಥವಾ ನಾಲ್ಕು ವಾರ ತಡವಾಗಿ ತೆಗೆದುಕೊಂಡರೂ ನಡೆಯುತ್ತದೆ. ಅಂದರೆ ಒಟ್ಟು ಆರು ವಾರದ ಅವಕಾಶ. ಶಿಪ್‌ಮೆಂಟ್ ಒತ್ತಡ ಗೊತ್ತಿರುವ ಕಾರ್ಖಾನೆಯ ನರ್ಸ್ ಆ ಆರು ವಾರದಲ್ಲಿ ಒಂದು ಗಂಟೆ ಬಿಡಿಸಿಕೊಟ್ಟರೆ ಸಾಕು. ಮೊದಲ ಡೋಸಿಗೆ ಮುಂಚೆ ವೈದ್ಯರ ತಪಾಸಣೆ ಆಗಬೇಕು, ಬಿ.ಪಿ. ನೋಡಿಸಬೇಕು. ಚುಚ್ಚಿದ ಜಾಗವನ್ನು ಉಜ್ಜಬಾರದು, ಶಾಖ ಕೊಡಬಾರದು. ಹಾಗೆ ಮಾಡಿದರೆ ಔಷಧಿ ಬೇಗ ಕರಗಿ ಅವಧಿಗೆ ಮೊದಲೇ ಬಲ ಕಳೆದುಕೊಳ್ಳುತ್ತದೆ. ಈ ಇಂಜೆಕ್ಷನ್‌ನಿಂದ ಮುಟ್ಟು ಏರುಪೇರಾಗುತ್ತದೆ, ಮುಂದೆ ನಿಂತೂ ಹೋಗಬಹುದು. ಇದನ್ನು ಮುಂಚೆ ಹೇಳದಿದ್ದರೆ ‘ಕೆಟ್ಟ ರಕ್ತ ಒಳಗೇ ಉಳಿಯಿತು’ ಎಂಬ ಭಯಕ್ಕೆ ಎರಡನೇ ಡೋಸಿಗೆ ಬರುವುದೇ ಇಲ್ಲ.

ಹೊರಗೆ ಹೋಗಲು ಗೇಟ್‌ಪಾಸ್ ಬೇಕು. ಅದರಲ್ಲಿ ‘ಕಾರಣ’ ಎಂಬ ಕಾಲಂ. ಅದನ್ನು ಸೂಪರ್‌ವೈಸರ್ ಓದುತ್ತಾನೆ, ಎಚ್.ಆರ್. ಓದುತ್ತಾರೆ, ಗೇಟಿನ ಸೆಕ್ಯುರಿಟಿಯೂ ಓದುತ್ತಾನೆ. ಮುಟ್ಟು ನಿಂತು ಆರು ವಾರವಾದವಳು ಅಲ್ಲಿ ಏನೆಂದು ಬರೆದಾಳು? ಗರ್ಭನಿರೋಧಕ ವಿಫಲವಾದರೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶವಿದೆ. ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ ಮದುವೆಯಾಗದವರಿಗೂ ಇದೆ. ಆದರೂ ನಾಚಿಕೆಗೆ ಅಂಜಿ ಮೆಡಿಕಲ್ ಶಾಪಿನಿಂದ ಗುಟ್ಟಾಗಿ ಮಾತ್ರೆ ತರಿಸುತ್ತಾಳೆ. ಗರ್ಭವು ಗರ್ಭಕೋಶದ ಬದಲು ನಾಳದಲ್ಲಿ ಕೂತಿದ್ದರೆ ಆ ಮಾತ್ರೆಯಿಂದ ಅದು ಹೋಗುವುದಿಲ್ಲ, ನಾಳ ಒಡೆದು ಜೀವಕ್ಕೇ ಕುತ್ತು. ಆ ಕಾಲಂ ತೆಗೆದು ನರ್ಸ್ ಸಹಿಯೊಂದೇ ಸಾಕು ಎಂದು ಮಾಡುವುದಕ್ಕೆ ಹೊಸ ಪಾಸ್ ಪುಸ್ತಕ ಅಚ್ಚು ಹಾಕಿಸುವ ಖರ್ಚಷ್ಟೇ. ನರ್ಸಿನ ರಿಜಿಸ್ಟರ್ ಬೀರುವಿನಲ್ಲಿರಲಿ, ಬೀಗದ ಕೈ ಎಚ್.ಆರ್. ಹತ್ತಿರ ಬೇಡ.

ಹೆರಿಗೆ ರಜೆಯ ಗೊಂದಲ ಬೇರೆಯೇ. ಇ.ಎಸ್.ಐ.ನಲ್ಲಿ 26 ವಾರ ಪೂರ್ತಿ ಕೂಲಿ ಸಿಗಲು ಹಿಂದಿನ ಎರಡು ವಂತಿಗೆ (ಸಂಬಳದಲ್ಲಿ ಮುರಿಯುವ ವಿಮಾ ಹಣ) ಅವಧಿಗಳಲ್ಲಿ 70 ದಿನದ ವಂತಿಗೆ ಕಟ್ಟಿರಬೇಕು. ಅವಧಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಹೆರಿಗೆ ಜುಲೈನಿಂದ ಡಿಸೆಂಬರ್ ಒಳಗಾದರೆ ಲೆಕ್ಕ ಮಾರ್ಚ್ 31ಕ್ಕೇ ನಿಲ್ಲುತ್ತದೆ. ಏಪ್ರಿಲ್ ನಂತರ ಎಷ್ಟು ದುಡಿದರೂ ಆ ಹೆರಿಗೆಗೆ ಸೇರುವುದಿಲ್ಲ. ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಸೇರುವಾಗ ಹಳೆಯ ವಿಮಾ ಸಂಖ್ಯೆ ಕೊಡದೆ ಹೊಸದು ಮಾಡಿಸಿದರೆ ಹಿಂದಿನ ದಿನಗಳು ಆ ಹಳೆಯ ಸಂಖ್ಯೆಯಲ್ಲೇ ಉಳಿಯುತ್ತವೆ. ಆದ್ದರಿಂದ ಕೆಲಸಕ್ಕೆ ಸೇರಿಸಿಕೊಳ್ಳುವ ದಿನವೇ ಹಳೆಯ ಕಾರ್ಡ್ ಕೇಳಿ, ಆಧಾರ್‌ನಲ್ಲಿರುವ ಹೆಸರಿನ ಜೊತೆ ಅಕ್ಷರ ಅಕ್ಷರ ತಾಳೆ ನೋಡಬೇಕು.